ನಾಯಿಯ ಲಸಿಕೆಗೆ ದುಡ್ಡು ಯಾರದು

ನಾಯಿಯಿಂದ ಹರಡುವ ರೋಗವನ್ನು ತಡೆಯುವ ಖರ್ಚು ಯಾರ ಹೆಗಲಿಗೆ ಸೇರಬೇಕು ಎಂಬ ಪ್ರಶ್ನೆ ಲಸಿಕೆಗಿಂತಲೂ ಹಳೆಯದು. ಇಂದಿನ ಇರಾಕಿನ ನೆಲದಲ್ಲಿದ್ದ ಎಷ್ನುನ್ನ ಎಂಬ ನಗರರಾಜ್ಯದ ಕಟ್ಟಳೆ, ಸುಮಾರು 4,000 ವರ್ಷಗಳ ಹಿಂದೆಯೇ, ಹುಚ್ಚು ನಾಯಿಯ ಒಡೆಯನ ಹೊಣೆಯನ್ನು ಬೆಳ್ಳಿಯಲ್ಲಿ ಲೆಕ್ಕ ಹಾಕಿತ್ತು. ನಾಯಿಗೆ ಹುಚ್ಚು ಹಿಡಿದಿದೆ ಎಂದು ಕೇರಿಯ ಅಧಿಕಾರಿಗಳು ತಿಳಿಸಿದ ಮೇಲೂ ಒಡೆಯ ಅದನ್ನು ಕಟ್ಟಿಹಾಕದೆ ಬಿಟ್ಟು, ಅದು ಕಚ್ಚಿ ಸ್ವತಂತ್ರ ಮನುಷ್ಯನೊಬ್ಬ ಸತ್ತರೆ 40 ಶೆಕೆಲ್ ಬೆಳ್ಳಿ ದಂಡ. ಸತ್ತವನು ಗುಲಾಮನಾಗಿದ್ದರೆ 15 ಶೆಕೆಲ್. ಮುನ್ನೆಚ್ಚರಿಕೆಯ ವೆಚ್ಚ ಆಗ ಒಂದು ಹಗ್ಗದ ಬೆಲೆ, ಅಷ್ಟೆ. ಅದನ್ನು ಉಳಿಸಿದವನಿಗೆ ಬೆಳ್ಳಿ ತೆರುವ ಶಿಕ್ಷೆ.

ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚು ನಾಯಿಯ ಕಡಿತದ ವಿವರವಿದೆ. ಕಚ್ಚಿಸಿಕೊಂಡವನು ನೀರನ್ನು ಕಂಡರೆ, ನೀರಿನ ಹೆಸರು ಕೇಳಿದರೆ ಬೆದರುವ ಸ್ಥಿತಿಯನ್ನು ಅಲ್ಲಿ ಜಲತ್ರಾಸ ಎಂದು ಕರೆದಿದೆ. ಆ ಹಂತ ಮುಟ್ಟಿದವನು ಉಳಿಯುವುದಿಲ್ಲ ಎಂದೂ ಹೇಳಿದೆ. ಗಾಯದಿಂದ ರಕ್ತ ಹರಿಸಿ, ಕಾದ ತುಪ್ಪದಿಂದ ಸುಡುವುದು ಅಂದಿನ ಉಪಾಯ. ರೋಗದ ಬಗೆಗಿನ ತೀರ್ಪು ಇಂದಿಗೂ ಹೆಚ್ಚುಕಡಿಮೆ ಅದೇ. ರೇಬೀಸಿನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕಿದವರು ಬೆರಳೆಣಿಕೆಯಷ್ಟು ಮಂದಿ. ಆದ್ದರಿಂದ ಈ ರೋಗಕ್ಕೆ ಮಾಡುವ ಖರ್ಚೆಲ್ಲ ಲಕ್ಷಣಕ್ಕೆ ಮೊದಲೇ ಆಗಬೇಕು. ಅದನ್ನು ನಾಯಿಯ ಮೇಲೆ ಮಾಡಬೇಕೋ, ನಾಯಿ ಕಚ್ಚಿದವನ ಮೇಲೆ ಮಾಡಬೇಕೋ ಎಂಬಲ್ಲಿಂದ ಲಸಿಕೆಯ ಇತಿಹಾಸ ಕವಲೊಡೆಯುತ್ತದೆ.

ಲೂಯಿ ಪಾಸ್ತರ್ ರೇಬೀಸ್ ಲಸಿಕೆಯನ್ನು ಮೊದಲು ಹಾಕಿದ್ದು ಮನುಷ್ಯನಿಗಲ್ಲ, ನಾಯಿಗೆ. ರೋಗ ತಗುಲಿಸಿದ ಮೊಲದ ಬೆನ್ನುಹುರಿಯನ್ನು ಒಣಗಿಸಿದರೆ ಅದರ ಕೆಡುಕು ದಿನದಿಂದ ದಿನಕ್ಕೆ ಇಳಿಯುತ್ತದೆ ಎಂಬುದನ್ನು ಅವನೂ ಅವನ ಸಹಾಯಕ ಎಮಿಲ್ ರೂ ಕೂಡ ಕಂಡುಕೊಂಡರು. ಹೆಚ್ಚು ಒಣಗಿದ ತುಂಡಿನಿಂದ ಆರಂಭಿಸಿ ದಿನಕ್ಕಿಷ್ಟರಂತೆ ತಾಜಾ ತುಂಡಿನ ಕಡೆಗೆ ಸಾಗುತ್ತ ಚುಚ್ಚಿದರೆ ನಾಯಿ ರೋಗವನ್ನು ತಡೆದುಕೊಳ್ಳುತ್ತಿತ್ತು. ಫ್ರೆಂಚ್ ಸರ್ಕಾರ 1884ರಲ್ಲಿ ನೇಮಿಸಿದ ಆಯೋಗ ಇದನ್ನು ಪರೀಕ್ಷಿಸಿ ಒಪ್ಪಿತು. ಹಾಗಾದರೆ ದೇಶದ ನಾಯಿಗಳಿಗೆಲ್ಲ ಲಸಿಕೆ ಹಾಕಿಬಿಡಬಾರದೇಕೆ ಎಂಬ ಮಾತು ಸಹಜವಾಗಿಯೇ ಎದ್ದಿತು. ಪಾಸ್ತರ್ ಕೊಟ್ಟ ಉತ್ತರ ವಿಜ್ಞಾನದ್ದಲ್ಲ, ಖರ್ಚಿನದು. ಪ್ಯಾರಿಸ್ ಮತ್ತು ಅದರ ಸುತ್ತಮುತ್ತ 1 ಲಕ್ಷಕ್ಕೂ ಹೆಚ್ಚು, ಉಳಿದ ಪ್ರಾಂತ್ಯಗಳಲ್ಲಿ 25 ಲಕ್ಷಕ್ಕೂ ಹೆಚ್ಚು ನಾಯಿಗಳಿದ್ದವು. ಒಂದೊಂದಕ್ಕೂ ಹಲವು ಸಲ ಚುಚ್ಚಬೇಕು. ಅಷ್ಟು ದಿನ ಅವನ್ನು ಕೂಡಿಹಾಕಲು ಗೂಡು ಬೇಕು, ಊಟ ಬೇಕು, ಪಳಗಿದ ಜನ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಲಸಿಕೆ ತಯಾರಿಸಲು ಅಷ್ಟೊಂದು ಮೊಲಗಳು ಎಲ್ಲಿ ಸಿಗಬೇಕು?

ನಾಯಿಗೆ ಲಸಿಕೆ ಹಾಕುವುದು ಕೈಗೆಟುಕದ್ದೆಂದು ತೋರಿದ ಮೇಲೆ ಉಳಿದದ್ದು ಇನ್ನೊಂದು ದಾರಿ. ಕಡಿತವಾಗಿ ರೋಗ ಮೆದುಳು ಮುಟ್ಟಲು ಸಾಮಾನ್ಯವಾಗಿ ವಾರಗಳೇ ಹಿಡಿಯುವುದರಿಂದ, ಆ ನಡುವೆ ಮನುಷ್ಯನಿಗೇ ಲಸಿಕೆ ಕೊಡಬಹುದು. 1885ರ ಜುಲೈ 6ರಂದು ಅಲ್ಸಾಸಿನಿಂದ ತಾಯಿಯ ಜೊತೆ ಬಂದ 9 ವರ್ಷದ ಜೋಸೆಫ್ ಮೈಸ್ತರನಿಗೆ ಡಾಕ್ಟರ್ ಗ್ರಾಂಶೆ ಮೊದಲ ಚುಚ್ಚುಮದ್ದು ಹಾಕಿದ. ಒಟ್ಟು 13 ಚುಚ್ಚುಗಳಾದವು, ಹುಡುಗ ಉಳಿದ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ನ್ಯೂವಾರ್ಕ್ ಊರಿನ ನಾಲ್ಕು ಮಕ್ಕಳನ್ನು ಜನ ವಂತಿಗೆ ಎತ್ತಿ ಹಡಗಿನಲ್ಲಿ ಪ್ಯಾರಿಸಿಗೆ ಕಳಿಸಿದರು. ಮರುವರ್ಷ ರಷ್ಯದ ಸ್ಮೊಲೆನ್‌ಸ್ಕ್ ಕಡೆಯಿಂದ ತೋಳ ಕಚ್ಚಿದ 19 ಮಂದಿ ಬಂದರು. 16 ಮಂದಿ ಉಳಿದು ಊರಿಗೆ ಮರಳಿದರು. ರಷ್ಯದ ಚಕ್ರವರ್ತಿ ಪಾಸ್ತರನ ಸಂಸ್ಥೆ ಕಟ್ಟುವ ನಿಧಿಗೆ ಹಣ ಕಳಿಸಿದ. ನಾನಾ ದೇಶಗಳ ಜನರ ಚಂದಾದಿಂದ 20 ಲಕ್ಷ ಫ್ರಾಂಕಿಗೂ ಮಿಕ್ಕ ಹಣ ಕೂಡಿ 1888ರ ನವೆಂಬರಿನಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆ ತೆರೆಯಿತು. ಕಚ್ಚಿಸಿಕೊಂಡವನ ಪ್ರಾಣ ಉಳಿಸಲು ಜಗತ್ತು ಇಷ್ಟು ಧಾರಾಳವಾಗಿ ಕೈಬಿಚ್ಚಿದ್ದು ದೊಡ್ಡ ಮಾತು. ಆದರೆ ನಾಯಿಯ ಲಸಿಕೆಯ ಲೆಕ್ಕ ಆ ಸಂಭ್ರಮದಲ್ಲಿ ಬಹುಕಾಲ ಬದಿಗೆ ಸರಿಯಿತು.

ಬ್ರಿಟನ್ ಲಸಿಕೆಯ ಗೊಡವೆಗೇ ಹೋಗಲಿಲ್ಲ. ಸುತ್ತಲೂ ಕಡಲಿರುವ ಆ ದೇಶ ನಾಯಿಯ ಬಾಯಿಗೆ ಕುಕ್ಕೆ ಕಟ್ಟಿಸಿತು, ಬೀದಿನಾಯಿಗಳನ್ನು ಹಿಡಿಸಿತು, ಹೊರಗಿನಿಂದ ಬರುವ ನಾಯಿಗೆ ಬಂದರಿನಲ್ಲೇ ತಡೆ ಹಾಕಿತು. 1897ರಲ್ಲಿ ಕೃಷಿ ಮಂಡಳಿಯ ಅಧ್ಯಕ್ಷ ವಾಲ್ಟರ್ ಲಾಂಗ್ ಹೊರಡಿಸಿದ ಕುಕ್ಕೆಯ ಆಜ್ಞೆಗೆ ನಾಯಿಪ್ರಿಯರು ಸಿಡಿದೆದ್ದರೂ 1902ರ ಹೊತ್ತಿಗೆ ರೋಗ ಆ ದ್ವೀಪವನ್ನು ಬಿಟ್ಟಿತ್ತು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು ಕದ್ದು ತಂದ ನಾಯಿಗಳಿಂದ 1918ರಲ್ಲಿ ಮತ್ತೆ ಕಾಣಿಸಿಕೊಂಡು 1922ರಲ್ಲಿ ಮತ್ತೆ ಅಳಿಯಿತು. ಹೊರದೇಶದಿಂದ ಬಂದ ಸಾಕುಪ್ರಾಣಿಯನ್ನು ಆರು ತಿಂಗಳು ದಿಗ್ಬಂಧನದಲ್ಲಿಡುವ ನಿಯಮ, ಆ ಆರು ತಿಂಗಳ ವೆಚ್ಚವನ್ನು ಒಡೆಯನೇ ಭರಿಸುವ ಪದ್ಧತಿ, 2000ದಲ್ಲಿ ಲಸಿಕೆ ಹಾಕಿಸಿದ ಪ್ರಾಣಿಗಳಿಗೆ ವಿನಾಯಿತಿ ಸಿಗುವವರೆಗೂ ನಡೆಯಿತು.

ಭಾರತಕ್ಕೆ ಕಡಲಿನ ಆಸರೆ ಇರಲಿಲ್ಲ. ಇಲ್ಲಿನ ನಾಯಿಯ ಮೇಲೆ ಆಡಳಿತ ಮಾಡಿದ ಮೊದಲ ಖರ್ಚು ಕೊಲ್ಲುವುದಕ್ಕೆ. 1832ರಲ್ಲಿ ಮುಂಬಯಿಯಲ್ಲಿ ಕೊಂದ ಪ್ರತಿ ನಾಯಿಗೆ 8 ಆಣೆ ಇನಾಮು ಗೊತ್ತುಮಾಡಿದಾಗ, ಪಾರಸಿಗಳು ಬೀದಿಗಿಳಿದು ಗಲಭೆಯೇ ಆಯಿತು. ಆದರೂ ವಿಷ ಹಾಕಿಯೋ ಹೊಡೆದೋ ನಾಯಿಗಳನ್ನು ಕೊಲ್ಲುವ ಪರಿಪಾಠವನ್ನು ಪುರಸಭೆಗಳು ಬಹುಕಾಲ ಬಿಡಲಿಲ್ಲ. ಕೊಂದಷ್ಟು ನಾಯಿಗಳು ಮತ್ತೆ ಹುಟ್ಟುತ್ತಿದ್ದವು. ರೋಗ ಮಾತ್ರ ಇದ್ದಲ್ಲೇ ಇತ್ತು.

ಕಚ್ಚಿಸಿಕೊಂಡವರ ಪೈಕಿ ಅನುಕೂಲವಿದ್ದವರು ಮೊದಮೊದಲು ಪ್ಯಾರಿಸಿಗೇ ಹಡಗು ಹತ್ತುತ್ತಿದ್ದರು. 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಭಾರತದ ಮೊದಲ ಪಾಸ್ತರ್ ಸಂಸ್ಥೆ ಆರಂಭವಾಯಿತು. ದಕ್ಷಿಣದವರಿಗೆ ಅದೂ ದೂರ. 1902ರಲ್ಲಿ ಲಿಲಿ ಪ್ಯಾಕೆನ್‌ಹ್ಯಾಮ್ ವಾಲ್ಶ್ ಎಂಬ ಇಂಗ್ಲಿಷ್ ಯುವತಿ ರೇಬೀಸಿನಿಂದ ತೀರಿಕೊಂಡ ಮೇಲೆ ದಕ್ಷಿಣಕ್ಕೂ ಒಂದು ಸಂಸ್ಥೆ ಬೇಕೆಂಬ ಒತ್ತಾಯ ಬಲವಾಯಿತು. ಅಮೆರಿಕದ ಉಕ್ಕಿನ ಉದ್ಯಮಿ ಹೆನ್ರಿ ಫಿಪ್ಸ್ ಭಾರತಕ್ಕೆಂದು ವೈಸರಾಯ್ ಕರ್ಜನನ ಕೈಗಿತ್ತ ದಾನದ ಒಂದು ಪಾಲು ಬಿಹಾರದ ಪೂಸಾದ ಕೃಷಿ ಸಂಶೋಧನಾಲಯಕ್ಕೆ ಹೋದರೆ, ಇನ್ನೊಂದು ಪಾಲಿನ ನೆರವಿನಿಂದ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಸ್ತರ್ ಸಂಸ್ಥೆ ತೆರೆಯಿತು. ಮೈಸೂರು ಸೀಮೆಗೂ ಅದೇ ಹತ್ತಿರ.

ಕಸೌಲಿಯ ಮೊದಲ ನಿರ್ದೇಶಕ ಡೇವಿಡ್ ಸೆಂಪಲ್ 1911ರಲ್ಲಿ ಪ್ರಕಟಿಸಿದ ವಿಧಾನ ಭಾರತದ ಚಿತ್ರವನ್ನೇ ಬದಲಿಸಿತು. ರೋಗ ತಗುಲಿಸಿದ ಕುರಿಯ ಮೆದುಳನ್ನು ಅರೆದು, ಕಾರ್ಬಾಲಿಕ್ ಆಮ್ಲದಿಂದ ಅದರಲ್ಲಿನ ವೈರಾಣುವನ್ನು ಸಾಯಿಸಿ ಮಾಡಿದ ಲಸಿಕೆ ಅದು. ಮೊಲದ ಬೆನ್ನುಹುರಿಯನ್ನು ದಿನದಿನಕ್ಕೆ ಒಣಗಿಸಿ ಕಾಯುವ ಕಷ್ಟ ತಪ್ಪಿತು. ಒಂದು ಕುರಿಯ ಮೆದುಳಿನಿಂದ ಬಹಳ ಮಂದಿಗೆ ಆಗುವಷ್ಟು ಲಸಿಕೆ ಸಿಕ್ಕಿತು, ಸೀಸೆಗೆ ತುಂಬಿ ಜಿಲ್ಲಾ ಆಸ್ಪತ್ರೆಗಳಿಗೆ ಕಳಿಸಲೂ ಬಂತು. ರೋಗಿ ಬೆಟ್ಟ ಹತ್ತಬೇಕಾದ ಕಾಲ ಹೋಗಿ ಲಸಿಕೆಯೇ ಬೆಟ್ಟದಿಂದ ಇಳಿಯುವ ಕಾಲ ಬಂತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತು ಕರ್ನಾಟಕದ ಹಳ್ಳಿಹಳ್ಳಿಯ ನೆನಪಿನಲ್ಲಿ ಉಳಿದದ್ದು ಇದೇ ಕುರಿಮೆದುಳಿನ ಲಸಿಕೆಯಿಂದ. ಅಗ್ಗವಾದ ಆ ಔಷಧಕ್ಕೆ ಬೇರೊಂದು ಬೆಲೆಯೂ ಇತ್ತು. ಮೆದುಳಿನ ಕೊಬ್ಬಿನಂಶ ದೇಹಕ್ಕೆ ಒಗ್ಗದೆ ಕೆಲವರಿಗೆ ಕೈಕಾಲು ಸ್ವಾಧೀನ ತಪ್ಪುತ್ತಿತ್ತು, ಕೆಲವರು ಸತ್ತದ್ದೂ ಉಂಟು. ಭಾರತದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಯಲ್ಲಿ. ಜೀವಕೋಶಗಳಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆ ಜಗತ್ತಿನಲ್ಲಿ ಬಳಕೆಗೆ ಬಂದು ಕಾಲು ಶತಮಾನವೇ ಆಗಿತ್ತು. ದುಬಾರಿ ಎಂಬ ಕಾರಣಕ್ಕೆ ಸರ್ಕಾರಿ ಆಸ್ಪತ್ರೆಗೆ ಬರುವ ಬಡವರಿಗೆ ಅದು ತಲುಪಿರಲಿಲ್ಲ. ಇಷ್ಟು ದೀರ್ಘ ವಿಳಂಬಕ್ಕೆ ಸಮರ್ಥನೆ ಹುಡುಕುವುದು ಕಷ್ಟ.

ಪಾಸ್ತರ್ ಅಸಾಧ್ಯವೆಂದು ಬಿಟ್ಟ ನಾಯಿಯ ಲಸಿಕೆ ಈ ನಡುವೆ ಜಪಾನಿನಲ್ಲಿ ಸಾಧ್ಯವಾಯಿತು. ಉಮೆನೊ ಮತ್ತು ದೋಯಿ ಎಂಬ ವಿಜ್ಞಾನಿಗಳು 1921ರಲ್ಲಿ ಒಂದೇ ಚುಚ್ಚಿನಲ್ಲಿ ನಾಯಿಗೆ ರಕ್ಷಣೆ ಕೊಡುವ ವಿಧಾನವನ್ನು ಪ್ರಕಟಿಸಿದರು. ಗೂಡು, ಊಟ, ಕಾವಲು ಯಾವುದೂ ಬೇಡ. ನಾಯಿಯನ್ನು ಹಿಡಿದು ತಂದು, ಚುಚ್ಚಿಸಿ, ಮನೆಗೆ ಕರೆದೊಯ್ದರಾಯಿತು. ಪಾಸ್ತರನ ಲೆಕ್ಕದ ಬಹುಭಾಗ ಅಂದೇ ಬಿದ್ದುಹೋಯಿತು. ಅಮೆರಿಕದಲ್ಲೂ ಅದೇ ದಶಕದಲ್ಲಿ ಒಂದೇ ಚುಚ್ಚಿನ ಲಸಿಕೆ ಬಳಕೆಗೆ ಬಂತು. 1948ರಲ್ಲಿ ಹಿಲರಿ ಕೊಪ್ರೊವ್ಸ್ಕಿ ಮತ್ತು ಹೆರಾಲ್ಡ್ ಕಾಕ್ಸ್ ಕೋಳಿಮೊಟ್ಟೆಯ ಭ್ರೂಣದಲ್ಲಿ ಪಳಗಿಸಿದ ಫ್ಲೂರಿ ತಳಿಯ ವೈರಾಣುವಿನಿಂದ ನಾಯಿಗೆ ಲಸಿಕೆ ಮಾಡಿದರು. ಮೆದುಳಿನ ಲಸಿಕೆಯಿಂದ ಬರುತ್ತಿದ್ದ ಪಾರ್ಶ್ವವಾಯುವಿನ ಭಯ ಇದರಲ್ಲಿರಲಿಲ್ಲ, ರಕ್ಷಣೆಯೂ ದೀರ್ಘಕಾಲದ್ದು. ಅದೇ ವರ್ಷ ಟೆನೆಸಿಯ ಮೆಂಫಿಸ್ ನಗರದಲ್ಲಿ ರೇಬೀಸ್ ಹಬ್ಬಿದಾಗ ಬಡಾವಣೆ ಬಡಾವಣೆಗೂ ಶಿಬಿರ ಹಾಕಿ ನಾಯಿಗಳಿಗೆ ಸಾಮೂಹಿಕವಾಗಿ ಲಸಿಕೆ ಕೊಟ್ಟು ಹಾವಳಿಯನ್ನು ನಿಲ್ಲಿಸಿದರು.

ಜಪಾನಿನ 1950ರ ರೇಬೀಸ್ ತಡೆ ಕಾನೂನು ಖರ್ಚಿನ ಹಂಚಿಕೆಯನ್ನು ಸ್ಪಷ್ಟವಾಗಿ ಬರೆದಿಟ್ಟ ಉದಾಹರಣೆ. ನಾಯಿ ಸಾಕುವವನು ಅದನ್ನು ನೋಂದಾಯಿಸಬೇಕು, ವರ್ಷಕ್ಕೆ ಎರಡು ಸಲ ಲಸಿಕೆ ಹಾಕಿಸಬೇಕು, ಶುಲ್ಕ ಅವನದೇ. ಒಡೆಯರಿಲ್ಲದ ನಾಯಿಗಳನ್ನು ಹಿಡಿಯುವುದು, ಊರೂರಿನಲ್ಲಿ ಲಸಿಕೆಯ ದಿನ ಗೊತ್ತುಮಾಡುವುದು ಆಡಳಿತದ ಕೆಲಸ. 1957ರಲ್ಲಿ ಆ ದೇಶದ ಕೊನೆಯ ಪ್ರಾಣಿ ಪ್ರಕರಣ ವರದಿಯಾಯಿತು: ಏಳೇ ವರ್ಷ. ವರ್ಷಕ್ಕೆ ಎರಡು ಸಲ ಎಂಬ ನಿಯಮ 1985ರಲ್ಲಿ ಒಂದು ಸಲ ಎಂದಾಯಿತು. ರೋಗವೇ ಇಲ್ಲದ ಜಪಾನಿನಲ್ಲಿ ಇಂದಿಗೂ ನಾಯಿ ಸಾಕುವವರು ವರ್ಷ ವರ್ಷ ಆ ಶುಲ್ಕ ಕಟ್ಟುತ್ತಾರೆ.

ಲ್ಯಾಟಿನ್ ಅಮೆರಿಕದ ದೇಶಗಳು ಹಿಡಿದದ್ದು ಬೇರೆ ದಾರಿ. ಚಿಲಿಯ ಫ್ಯುಯೆಂಜಾಲಿಡಾ ಮತ್ತು ಪಲಾಸಿಯೋಸ್ 1955ರಲ್ಲಿ ಆಗತಾನೆ ಹುಟ್ಟಿದ ಇಲಿಮರಿಗಳ ಮೆದುಳಿನಿಂದ ಲಸಿಕೆ ಮಾಡಿದರು. ಎಳೆ ಮೆದುಳಿನಲ್ಲಿ ಕೆಡುಕು ಮಾಡುವ ಕೊಬ್ಬಿನಂಶ ಇನ್ನೂ ಕಟ್ಟಿರುವುದಿಲ್ಲ, ತಯಾರಿಕೆಗೆ ಭಾರಿ ಯಂತ್ರವೂ ಬೇಡ. ಆಯಾ ದೇಶದ ಸರ್ಕಾರಿ ಪ್ರಯೋಗಾಲಯಗಳೇ ಅಗ್ಗವಾಗಿ ಅದನ್ನು ತಯಾರಿಸಿಕೊಂಡವು. 1983ರಿಂದ ಖಂಡದುದ್ದಕ್ಕೂ ಒಟ್ಟಾಗಿ ನಡೆದ ಕಾರ್ಯಕ್ರಮದಲ್ಲಿ ನಾಯಿಯ ಒಡೆಯನಿಂದ ಹಣ ಕೇಳದೆ ಲಸಿಕೆ ಹಾಕಿದರು. ಮೆಕ್ಸಿಕೊ 1990ರ ದಶಕದಿಂದ ದೇಶಾದ್ಯಂತ ಉಚಿತ ಲಸಿಕಾ ಅಭಿಯಾನ ನಡೆಸುತ್ತ ಬಂತು. ನಾಯಿಯಿಂದ ಮನುಷ್ಯನಿಗೆ ಹರಡುವ ರೇಬೀಸನ್ನು ಇಲ್ಲವಾಗಿಸಿದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೊದಲು ಮಾನ್ಯ ಮಾಡಿದ್ದು ಮೆಕ್ಸಿಕೊವನ್ನೇ. ಒಡೆಯ ಕೊಟ್ಟ ದುಡ್ಡಿನಿಂದಲೂ ಕೆಲಸ ಆಗುತ್ತದೆ, ಸರ್ಕಾರ ಕೊಟ್ಟ ದುಡ್ಡಿನಿಂದಲೂ ಆಗುತ್ತದೆ. ಯಾರೂ ಕೊಡದ ಕಡೆ ಮಾತ್ರ ರೋಗ ಉಳಿದಿದೆ.

ಭಾರತದಲ್ಲಿ ನಾಯಿಯ ಲಸಿಕೆ ಯಾರ ಪಾಲಿಗೂ ಬೀಳದೆ ಉಳಿಯಲು ಕಾರಣ ಪಶುವೈದ್ಯ ಇಲಾಖೆ ಹುಟ್ಟಿದ ಬಗೆಯಲ್ಲಿದೆ. ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಸರ್ಕಾರಿ ಪಶು ಆಸ್ಪತ್ರೆಗೆ ದನದ ಆಸ್ಪತ್ರೆ ಎಂದೇ ಹೆಸರು, ಅಲ್ಲಿನ ವೈದ್ಯರು ದನದ ಡಾಕ್ಟ್ರು. 1889ರಲ್ಲಿ ಪುಣೆಯಲ್ಲಿ ಆರಂಭವಾಗಿ ನಂತರ ಕುಮಾವೂಂ ಬೆಟ್ಟದ ಮುಕ್ತೇಶ್ವರಕ್ಕೆ ಹೋದ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿಯ ಮುಖ್ಯ ಗುರಿ ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗ. ಮೈಸೂರು ಸಂಸ್ಥಾನ 1925ರಲ್ಲಿ ಬೆಂಗಳೂರಿನಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ತೆರೆದದ್ದೂ ದನಗಳ ರೋಗಕ್ಕಾಗಿಯೇ. ಹೆಬ್ಬಾಳದಲ್ಲಿರುವ ಇಂದಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದರ ಮುಂದುವರಿಕೆ. ಗಳಲೆ ರೋಗ, ಚಪ್ಪೆರೋಗ, ಕುರಿಯ ಸಿಡುಬು, ಕೋಳಿಯ ರಾಣಿಖೇತ್ ಇವುಗಳ ಲಸಿಕೆ ಅಲ್ಲಿ ತಯಾರಾಗಿ ರೈತರ ಕೊಟ್ಟಿಗೆಗೆ ಹೋಯಿತು. ಎತ್ತು ಸತ್ತರೆ ಉಳುಮೆ ನಿಲ್ಲುತ್ತದೆ, ಕಂದಾಯ ನಿಲ್ಲುತ್ತದೆ. ಆದ್ದರಿಂದ ದನದ ಲಸಿಕೆ ಸರ್ಕಾರದ ಖರ್ಚು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮುಕ್ತೇಶ್ವರದಲ್ಲಿ ಜೆ. ಟಿ. ಎಡ್ವರ್ಡ್ಸ್ ಮೇಕೆಯಲ್ಲಿ ಪಳಗಿಸಿದ ವೈರಾಣುವಿನಿಂದ 1920ರ ದಶಕದಲ್ಲಿ ಮಾಡಿದ ಲಸಿಕೆ ದೇಶದ ಮೂಲೆಮೂಲೆಗೂ ಹೋಯಿತು. ದಶಕಗಟ್ಟಲೆ ಬಿಡದೆ ನಡೆದ ಲಸಿಕೆಯ ಕೆಲಸದಿಂದ ದೊಡ್ಡರೋಗ ಭಾರತವನ್ನು ಬಿಟ್ಟಿತು. 2011ರಲ್ಲಿ ಇಡೀ ಜಗತ್ತಿನಿಂದಲೇ ಅದು ಅಳಿದದ್ದನ್ನು ಸಾರಲಾಯಿತು. ರೈತನಿಗೆ ಬಿಲ್ಲು ಕೊಟ್ಟು ಆ ರೋಗವನ್ನು ಅಳಿಸಲು ಆಗುತ್ತಿರಲಿಲ್ಲ.

ನಾಯಿಯ ಸಾವು ಯಾವ ಕಂದಾಯದ ಪುಸ್ತಕದಲ್ಲೂ ಕಾಣಿಸುವುದಿಲ್ಲ. ನಾಯಿಯಿಂದ ಬರುವ ಮನುಷ್ಯನ ಸಾವು ಆರೋಗ್ಯ ಇಲಾಖೆಯ ಲೆಕ್ಕ, ಬೀದಿನಾಯಿ ನಗರಸಭೆಯ ಲೆಕ್ಕ, ಲಸಿಕೆ ಪಶುಪಾಲನಾ ಇಲಾಖೆಯ ಲೆಕ್ಕ. ಮೂರು ಕಚೇರಿಗಳ ನಡುವೆ ನಾಯಿಯ ರೇಬೀಸ್ ಲಸಿಕೆ ಜಾತಿ ನಾಯಿ ಸಾಕುವವರ ಶೋಕಿಯ ಬಾಬತ್ತಾಗಿ ಉಳಿದುಬಿಟ್ಟಿತು. ಹಟ್ಟಿ ಕಾಯುವ, ಕುರಿ ಕಾಯುವ, ಹೊಲ ಕಾಯುವ ಲಕ್ಷಾಂತರ ನಾಯಿಗಳು ಆ ಲೆಕ್ಕದಿಂದ ಹೊರಗೇ ಉಳಿದವು.

ಶೋಕಿಯ ನಾಯಿಗಳ ಲಸಿಕೆಗೆ ತನ್ನದೇ ಇತಿಹಾಸವಿದೆ, ಅದರ ದುಡ್ಡಿನ ಮೂಲವೂ ಬೇರೆ. ಮರಿಗಳನ್ನು ಸಾಲುಸಾಲಾಗಿ ಕೊಲ್ಲುತ್ತಿದ್ದ ಡಿಸ್ಟೆಂಪರ್ ರೋಗಕ್ಕೆ ಕಾರಣ ವೈರಾಣು ಎಂದು ಫ್ರಾನ್ಸಿನ ಹೆನ್ರಿ ಕಾರೆ 1905ರಲ್ಲೇ ತೋರಿಸಿದ್ದ. ಆದರೆ ಈ ರೋಗ ಮನುಷ್ಯನಿಗೆ ಅಂಟುವುದಿಲ್ಲ, ಹಾಗಾಗಿ ಸರ್ಕಾರಗಳಿಗೆ ಅದು ತುರ್ತೆನಿಸಲಿಲ್ಲ. ಇಂಗ್ಲೆಂಡಿನ ಬೇಟೆ ಮತ್ತು ಹಳ್ಳಿಬದುಕಿನ ಪತ್ರಿಕೆ ದಿ ಫೀಲ್ಡ್ 1923ರಲ್ಲಿ ನಿಧಿಯೊಂದನ್ನು ತೆರೆಯಿತು. ಬೇಟೆನಾಯಿ ಸಾಕುವವರು, ನಾಯಿಪ್ರಿಯರು ಕೊಟ್ಟ ಹಣದಿಂದ ಲಂಡನ್ನಿನ ಹೊರವಲಯದ ಮಿಲ್ ಹಿಲ್‌ನಲ್ಲಿ ಪ್ಯಾಟ್ರಿಕ್ ಲೇಡ್‌ಲಾ ಮತ್ತು ಜಿ. ಡಬ್ಲ್ಯು. ಡಂಕಿನ್ ಕೆಲಸ ಮಾಡಿ 1928ರ ಹೊತ್ತಿಗೆ ಲಸಿಕೆ ತಂದರು. ನಾಯಿ ಸಾಕುವವರ ಜೇಬಿನಿಂದಲೇ ಹುಟ್ಟಿದ ಲಸಿಕೆ ಅದು. ಸಂಶೋಧನೆಗೆ ಫೆರೆಟ್ ಎಂಬ ಪುಟ್ಟ ಪ್ರಾಣಿಯನ್ನು ಬಳಸಿದ್ದರಿಂದ ಮತ್ತೊಂದು ದೊಡ್ಡ ಉಪಯೋಗವಾಯಿತು. ಅದೇ ಮಿಲ್ ಹಿಲ್‌ನಲ್ಲಿ 1933ರಲ್ಲಿ ಮನುಷ್ಯರ ಇನ್‌ಫ್ಲುಯೆಂಜಾ ವೈರಾಣುವನ್ನು ಮೊದಲ ಬಾರಿಗೆ ಬೇರ್ಪಡಿಸಲು ನೆರವಾದದ್ದು ಫೆರೆಟ್‌ಗಳೇ. ನಾಯಿಗೆಂದು ಕೊಟ್ಟ ಚಂದಾ ಮನುಷ್ಯನ ನೆಗಡಿಜ್ವರದ ತನಕ ಬಂತು.

ಎರಡನೆಯ ಮಹಾಯುದ್ಧದ ನಂತರ ಒಂದೊಂದೇ ರೋಗದ ಲಸಿಕೆ ಈ ಪಟ್ಟಿಗೆ ಸೇರುತ್ತ ಹೋಯಿತು. ಸ್ವೀಡನ್ನಿನ ರುಬಾರ್ತ್ 1947ರಲ್ಲಿ ವಿವರಿಸಿದ ಪಿತ್ತಜನಕಾಂಗದ ರೋಗಕ್ಕೆ ಮೊದಲು ಮಾಡಿದ ಸಜೀವ ಲಸಿಕೆಯಿಂದ ಕೆಲವು ನಾಯಿಗಳ ಕಣ್ಣುಗುಡ್ಡೆ ನೀಲಿಗಟ್ಟುತ್ತಿತ್ತು. ಅದರ ಹತ್ತಿರದ ಸಂಬಂಧಿಯಾದ ಇನ್ನೊಂದು ವೈರಾಣುವನ್ನು ಬಳಸಿದ ಮೇಲೆ ಆ ತೊಂದರೆ ತಪ್ಪಿತು. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರಾದ ಲಸಿಕೆಯೂ ಜೊತೆಗೂಡಿತು. 1978ರಲ್ಲಿ ಪಾರ್ವೊ ಬಂತು. ಬೆಕ್ಕಿನ ಕರುಳುಬೇನೆಯ ವೈರಾಣುವಿಗೆ ತೀರ ಹತ್ತಿರದ ಈ ಹೊಸ ವೈರಾಣು ಒಂದೆರಡು ವರ್ಷದಲ್ಲಿ ಎಲ್ಲ ಖಂಡಗಳಿಗೂ ಹಬ್ಬಿ, ರಕ್ತಭೇದಿಯಿಂದ ಅಸಂಖ್ಯ ಮರಿಗಳನ್ನು ಕೊಂದಿತು. ಕೈಯಲ್ಲಿ ಬೇರೇನೂ ಇಲ್ಲದಾಗ ವೈದ್ಯರು ಬೆಕ್ಕಿನ ಲಸಿಕೆಯನ್ನೇ ನಾಯಿಗೆ ಹಾಕಿದರು. ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಮೈಕೆಲ್ ಮತ್ತು ಆಪೆಲ್ ಬಹುಬೇಗ ನಾಯಿಯದೇ ಲಸಿಕೆ ರೂಪಿಸಿದರು. ಭಾರತದಲ್ಲಿ ಈ ರೋಗವನ್ನು 1980ರ ದಶಕದ ಆರಂಭದಲ್ಲಿ ಮದ್ರಾಸಿನಲ್ಲಿ ಗುರುತಿಸಲಾಯಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ನಾಯಿ ಸಾಕುವ ಮನೆಗಳಲ್ಲಿ ಲಸಿಕೆಯ ಬಗ್ಗೆ ಮೊದಲ ಬಾರಿಗೆ ಗಂಭೀರವಾದ ಎಚ್ಚರ ಮೂಡಿಸಿದ್ದು ರೇಬೀಸಿಗಿಂತ ಹೆಚ್ಚಾಗಿ ಪಾರ್ವೊ ಎನ್ನಬಹುದು. ಎರಡು ದಿನದಲ್ಲಿ ಮರಿ ಕಣ್ಣೆದುರೇ ಸೊರಗಿ ಸಾಯುವುದನ್ನು ಕಂಡ ಮನೆಯವರು ಮುಂದಿನ ಮರಿಯನ್ನು ತಂದ ವಾರವೇ ಡಾಕ್ಟರ ಬಳಿಗೆ ಒಯ್ದರು.

ಹೀಗೆ ಸೇರಿದವೆಲ್ಲ ಒಂದೇ ಸೀಸೆಗೆ ಬಂದು ಇಂದು ಸೆವೆನ್ ಇನ್ ಒನ್, ನೈನ್ ಇನ್ ಒನ್ ಎಂಬ ಹೆಸರಿನಲ್ಲಿ ಕ್ಲಿನಿಕ್ಕುಗಳಲ್ಲಿ ಸಿಗುತ್ತವೆ. ಮರಿಗೆ ಇದನ್ನು ಒಂದು ಸಲ ಹಾಕಿದರೆ ಸಾಲದು ಎಂಬುದು ಖರ್ಚು ಏರುವ ಮುಖ್ಯ ಕಾರಣ, ಅದಕ್ಕೆ ಸರಿಯಾದ ಆಧಾರವೂ ಇದೆ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವ ತನಕ ಅದು ಲಸಿಕೆಯನ್ನೇ ನಿಷ್ಫಲ ಮಾಡುತ್ತದೆ. ಆ ರಕ್ಷಣೆ ಒಂದು ಮರಿಯಲ್ಲಿ ಎಂಟನೇ ವಾರಕ್ಕೇ ಮುಗಿದರೆ ಇನ್ನೊಂದರಲ್ಲಿ ಹದಿನಾಲ್ಕನೇ ವಾರದವರೆಗೂ ಇರಬಹುದು. ಹೊರಗಿನಿಂದ ನೋಡಿ ತಿಳಿಯುವುದಿಲ್ಲ. ಆದ್ದರಿಂದ 6ರಿಂದ 8 ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ 16 ವಾರ ತುಂಬುವವರೆಗೆ ಹಾಕುತ್ತ ಹೋಗಬೇಕು. ರೇಬೀಸ್ ಲಸಿಕೆ ಸುಮಾರು 12 ವಾರಕ್ಕೆ. ಮೊದಲ ವರ್ಷದ ಬಿಲ್ಲು ಉಳಿದ ವರ್ಷಗಳದಕ್ಕಿಂತ ದೊಡ್ಡದಾಗುವುದು ಇದರಿಂದಲೇ. ನಡುವಿನ ಚುಚ್ಚು ತಪ್ಪಿಸಿ ಹಣ ಉಳಿಸಿದವರು ಪಾರ್ವೊ ಬಂದಾಗ ಅದರ ಹತ್ತುಪಟ್ಟನ್ನು ಡ್ರಿಪ್ಪಿಗೆ ಕಟ್ಟುತ್ತಾರೆ.

ದೊಡ್ಡ ನಾಯಿಗೆ ವರ್ಷ ವರ್ಷ ಎಲ್ಲವನ್ನೂ ಹಾಕಿಸಬೇಕೆಂಬ ರೂಢಿಗೆ ಮಾತ್ರ ಅಷ್ಟು ಗಟ್ಟಿಯಾದ ಆಧಾರ ಇರಲಿಲ್ಲ. ತಯಾರಕರು ಸಾಮಾನ್ಯವಾಗಿ ಒಂದು ವರ್ಷದ ರಕ್ಷಣೆಯನ್ನಷ್ಟೇ ಪರೀಕ್ಷಿಸಿ ಚೀಟಿಯಲ್ಲಿ ಬರೆಯುತ್ತಿದ್ದರು, ವೈದ್ಯರು ಅದನ್ನೇ ಅನುಸರಿಸಿದರು. 1991ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞರು ಬೆಕ್ಕುಗಳಲ್ಲಿ ಲಸಿಕೆ ಚುಚ್ಚಿದ ಜಾಗದಲ್ಲೇ ಬೆಳೆಯುವ ಕ್ಯಾನ್ಸರ್ ಗಡ್ಡೆಯನ್ನು ವರದಿ ಮಾಡಿದರು. ಅಪರೂಪದ್ದಾದರೂ ಅದು ದೊಡ್ಡ ಮರುಚಿಂತನೆಗೆ ಕಾರಣವಾಯಿತು. ಬೆಕ್ಕಿಗೆ ಹೆಗಲ ನಡುವೆ ಚುಚ್ಚುವ ಬದಲು ಕಾಲಿನ ಕೆಳಭಾಗದಲ್ಲಿ ಚುಚ್ಚಬೇಕೆಂಬ ಸಲಹೆ ಬಂದದ್ದು ಆಗ. ಗಡ್ಡೆ ಬಂದರೆ ಕಾಲನ್ನು ಕಳೆದುಕೊಂಡಾದರೂ ಬೆಕ್ಕು ಬದುಕಲಿ ಎಂಬ ಕಠಿಣ ಲೆಕ್ಕ ಅದು. ಡಿಸ್ಟೆಂಪರ್, ಪಾರ್ವೊಗಳ ರಕ್ಷಣೆ ಹಲವು ವರ್ಷ ಉಳಿಯುತ್ತದೆ ಎಂಬುದನ್ನೂ ಅಧ್ಯಯನಗಳು ತೋರಿಸಿದ್ದರಿಂದ ಅಮೆರಿಕದ ಪಶು ಆಸ್ಪತ್ರೆಗಳ ಸಂಘ 2003ರಲ್ಲಿ, ಆಮೇಲೆ ವಿಶ್ವ ಸಾಕುಪ್ರಾಣಿ ವೈದ್ಯರ ಸಂಘವೂ, ಮೂಲ ಲಸಿಕೆಗಳನ್ನು ದೊಡ್ಡ ನಾಯಿಗೆ ಮೂರು ವರ್ಷಕ್ಕೊಮ್ಮೆ ಹಾಕಿದರೆ ಸಾಕೆಂದು ಹೇಳಿದವು. ಲೆಪ್ಟೊಸ್ಪೈರಾ ಮಾತ್ರ ವರ್ಷಕ್ಕೊಮ್ಮೆ ಬೇಕು, ಅದರ ರಕ್ಷಣೆ ಬೇಗ ಇಳಿಯುತ್ತದೆ. ರೇಬೀಸಿನ ವಿಷಯದಲ್ಲಿ ಆಯಾ ದೇಶದ ಕಾನೂನು, ಲಸಿಕೆಯ ಚೀಟಿ ಹೇಳಿದ್ದೇ ನಿಯಮ. ರೋಗ ಬೀದಿಯಲ್ಲೇ ಇರುವ ಭಾರತದಲ್ಲಿ ವರ್ಷಕ್ಕೊಮ್ಮೆ ಎಂಬ ಪದ್ಧತಿ ಮುಂದುವರಿದಿದೆ.

ಇಂದು ಕರ್ನಾಟಕದ ನಗರಗಳ ಖಾಸಗಿ ಕ್ಲಿನಿಕ್ಕಿನಲ್ಲಿ ರೇಬೀಸ್ ಚುಚ್ಚುಮದ್ದಿಗೆ ಕೆಲವು ನೂರು ರೂಪಾಯಿ ಆಗುತ್ತದೆ. ಕೂಡುಲಸಿಕೆಗೆ ಅದಕ್ಕಿಂತ ಹೆಚ್ಚು. ಬೆಕ್ಕಿನ ತ್ರಿವಳಿ ಲಸಿಕೆ ಇನ್ನೂ ದುಬಾರಿ, ಏಕೆಂದರೆ ಅದರ ಬಳಕೆ ಕಡಿಮೆ, ಬಹುಪಾಲು ಹೊರದೇಶದಿಂದ ಬರುವಂಥದ್ದು. ಈ ಹಣದಲ್ಲಿ ಔಷಧದ ಪಾಲು ಎಷ್ಟು ಎಂಬುದು ಸೀಸೆಯ ಗಾತ್ರದ ಮೇಲೆ ನಿಂತಿದೆ. ಹತ್ತು ನಾಯಿಗಾಗುವ ಸೀಸೆಯಿಂದ ತೆಗೆದ ಒಂದು ಡೋಸಿನ ಬೆಲೆ, ಒಂದೇ ನಾಯಿಗೆಂದು ಬರುವ ಪುಟ್ಟ ಸೀಸೆಯ ಬೆಲೆಗಿಂತ ಬಹಳ ಕಡಿಮೆ. ಆದರೆ ದೊಡ್ಡ ಸೀಸೆ ಒಡೆದರೆ ಹೆಚ್ಚು ಹೊತ್ತು ಇಡುವಂತಿಲ್ಲ, ಹತ್ತು ನಾಯಿ ಒಟ್ಟಿಗೆ ಬರಬೇಕು. ಶಿಬಿರದ ಲಸಿಕೆ ಅಗ್ಗವಾಗುವುದೂ, ಮನೆಗೆ ಬಂದು ಹಾಕುವ ಲಸಿಕೆ ದುಬಾರಿಯಾಗುವುದೂ ಇದರಿಂದ. ಅದರ ಮೇಲೆ 2ರಿಂದ 8 ಡಿಗ್ರಿಯ ತಂಪು ಕಾರ್ಖಾನೆಯಿಂದ ಸೂಜಿಯ ತನಕ ತಪ್ಪಬಾರದು. ಕರೆಂಟು ಹೋಗುವ ಊರಿನಲ್ಲಿ ಆ ತಂಪಿಗೂ ಬೆಲೆಯಿದೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ 1982ರಲ್ಲಿ ಹೈದರಾಬಾದಿನಲ್ಲಿ ದನಗಳ ಕಾಲುಬಾಯಿ ರೋಗದ ಲಸಿಕೆಗೆಂದು ಸ್ಥಾಪಿಸಿದ ಇಂಡಿಯನ್ ಇಮ್ಯುನಾಲಜಿಕಲ್ಸ್ ನಾಯಿಯ ರೇಬೀಸ್ ಲಸಿಕೆಯನ್ನೂ ದೇಶದಲ್ಲೇ ತಯಾರಿಸತೊಡಗಿದ್ದು ಸಾಮೂಹಿಕ ಲಸಿಕೆಯ ವೆಚ್ಚವನ್ನು ಇಳಿಸಲು ನೆರವಾಗಿದೆ.

ಲಸಿಕೆ ಅಗ್ಗವಾದರೂ ಖರ್ಚು ನಾಯಿಯ ಮೇಲೋ ಕಚ್ಚಿಸಿಕೊಂಡವನ ಮೇಲೋ ಎಂಬ ಹಳೆಯ ಕವಲು ಹಾಗೇ ಉಳಿಯಿತು. ಬೆಂಗಳೂರಿನ ವೈದ್ಯರ ಮುಂದಾಳತ್ವದಲ್ಲಿ ಭಾರತದ ರೇಬೀಸ್ ತಡೆ ಮತ್ತು ನಿಯಂತ್ರಣ ಸಂಘ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ನಡೆಸಿ 2004ರಲ್ಲಿ ಮುಗಿಸಿದ ಸಮೀಕ್ಷೆ ದೇಶದಲ್ಲಿ ವರ್ಷಕ್ಕೆ 1.74 ಕೋಟಿ ಪ್ರಾಣಿ ಕಡಿತ, 20,565 ರೇಬೀಸ್ ಸಾವು ಎಂದು ಅಂದಾಜಿಸಿತು. ಇತ್ತೀಚಿನ ಅಖಿಲ ಭಾರತ ಸಮೀಕ್ಷೆಯ ಅಂದಾಜು 5,700ರ ಸುಮಾರು. ಇಳಿಕೆಯ ಹೆಚ್ಚಿನ ಶ್ರೇಯ ಕಚ್ಚಿಸಿಕೊಂಡವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವ ಉಚಿತ ಚುಚ್ಚುಮದ್ದಿಗೆ ಸಲ್ಲಬೇಕು. ಜಗತ್ತಿನ ಲೆಕ್ಕ ಇನ್ನೂ ಕಣ್ತೆರೆಸುವಂಥದ್ದು. 2015ರ ಅಧ್ಯಯನವೊಂದರ ಪ್ರಕಾರ ನಾಯಿಯಿಂದ ಹರಡುವ ರೇಬೀಸಿನಿಂದ ವರ್ಷಕ್ಕೆ ಸುಮಾರು 59,000 ಸಾವು, 860 ಕೋಟಿ ಡಾಲರ್ ನಷ್ಟ. ಅಕಾಲ ಮರಣದ ನಷ್ಟ ಅದರ ಅರ್ಧಕ್ಕೂ ಹೆಚ್ಚು, ಕಚ್ಚಿದ ಮೇಲಿನ ಚಿಕಿತ್ಸೆ ಐದನೇ ಒಂದು ಪಾಲು. ನಾಯಿಗೆ ಲಸಿಕೆ ಹಾಕಲು ಮಾಡಿದ ಖರ್ಚು ಶೇ 1.5 ಮಾತ್ರ.

ಒಂದು ಊರಿನ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ. ಭಾರತದಲ್ಲಿ ಇದನ್ನು ಮಾಡಿ ತೋರಿಸಿದ್ದು ನೆರೆಯ ಗೋವಾ. ಅಲ್ಲಿ ಸರ್ಕಾರದೊಡನೆ ಕೈಜೋಡಿಸಿದ ಮಿಷನ್ ರೇಬೀಸ್ ಸಂಸ್ಥೆಯವರು ಕೈಬಲೆ ಹಿಡಿದು ಬೀದಿ ಬೀದಿ ಸುತ್ತಿ, ಮೊಬೈಲಿನಲ್ಲಿ ಗುರುತು ಹಾಕುತ್ತ, ವರ್ಷಕ್ಕೆ ಲಕ್ಷದ ಹತ್ತಿರ ಹತ್ತಿರ ನಾಯಿಗಳಿಗೆ ಲಸಿಕೆ ಹಾಕಿದರು. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಸಾರಲಾಯಿತು. ಅದೇ ವರ್ಷದ ಸೆಪ್ಟೆಂಬರ್ 28ರಂದು, ಪಾಸ್ತರ್ ತೀರಿಕೊಂಡ ದಿನವಾದ ವಿಶ್ವ ರೇಬೀಸ್ ದಿನದಂದು, 2030ರೊಳಗೆ ನಾಯಿಯಿಂದ ಬರುವ ರೇಬೀಸನ್ನು ಇಲ್ಲವಾಗಿಸುವ ರಾಷ್ಟ್ರೀಯ ಯೋಜನೆ ಪ್ರಕಟವಾಯಿತು. ಕರ್ನಾಟಕ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಬೆಂಗಳೂರಿನಲ್ಲಿ ಪಾಲಿಕೆಯ 2019ರ ಎಣಿಕೆಯಲ್ಲಿ 3,09,898 ಇದ್ದ ಬೀದಿನಾಯಿಗಳು 2023ರ ಎಣಿಕೆಯಲ್ಲಿ 2,79,335 ಆದವು. 2001ರ ನಿಯಮದಿಂದ ಬಂದ ಪದ್ಧತಿಯಂತೆ ನಾಯಿಯನ್ನು ಕೊಲ್ಲದೆ ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಮರಳಿ ಬಿಡುವ ಕೆಲಸದ ಖರ್ಚು ಅಲ್ಲಿ ಪಾಲಿಕೆಯದು.

ಸಾಕಿದ ನಾಯಿ ಬೆಕ್ಕುಗಳಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ವರ್ಷದಲ್ಲಿ ಎರಡು ದಿನಗಳ ಸುತ್ತ ಉಚಿತ ರೇಬೀಸ್ ಲಸಿಕೆಯ ಶಿಬಿರ ನಡೆಯುತ್ತದೆ. ಒಂದು ಸೆಪ್ಟೆಂಬರ್ 28. ಇನ್ನೊಂದು ಮೈಸ್ತರನಿಗೆ ಮೊದಲ ಚುಚ್ಚುಮದ್ದು ಬಿದ್ದ ಜುಲೈ 6. ಅದನ್ನು ಪ್ರಾಣಿಜನ್ಯ ರೋಗಗಳ ದಿನವೆಂದು ಆಚರಿಸುತ್ತಾರೆ. ಆ ಬೆಳಿಗ್ಗೆ ದನದ ಆಸ್ಪತ್ರೆಯ ಮುಂದೆ ಹಗ್ಗದಲ್ಲಿ ಕಟ್ಟಿದ ಕಂತ್ರಿ ನಾಯಿ, ಬೆಲ್ಟು ತೊಟ್ಟ ಜಾತಿ ನಾಯಿ, ಬುಟ್ಟಿಯಲ್ಲಿ ಮುಚ್ಚಿ ತಂದ ಬೆಕ್ಕು ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಹತ್ತು ಡೋಸಿನ ಸೀಸೆ ಒಡೆಯಲು ಹತ್ತು ಪ್ರಾಣಿಗಳು ಕೂಡಿರುತ್ತವೆ.